ಎಕ್ಕದ ಗಿಡದ ಅಳ್ಯಾ

ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಎಕ್ಕದ ಅರಳೆಯೊಂದು ಕಿಟಕಿಯಿಂದ ತೇಲಿ ಬಂದು ನೇರವಾಗಿ ನನ್ನ ಮಜ್ಜಿಗೆಯಲ್ಲಿ ಇಳಿಯಿತು. ನಮ್ಮ ಉಮರ್ಗಾದ ಹುಡುಗರು ಇದನ್ನು ‘ಮ್ಹಾತಾರಿ’ ಎನ್ನುತ್ತಾರೆ. ಮರಾಠಿಯಲ್ಲಿ ಮುದುಕಿ ಎಂದರ್ಥ. ಬಿಳಿ ಕೂದಲು ಬಿಚ್ಚಿಕೊಂಡು ಊರು ಸುತ್ತಲು ಹೊರಟ ಮುದುಕಿ. ಬೇರೆ ಯಾರಾದರೂ ಬೆರಳಲ್ಲಿ ಎತ್ತಿ ಬಿಸಾಡುತ್ತಿದ್ದರು. ನಾನು ಎತ್ತಿ, ಒರೆಸಿ, ಬೀಜ ಬಿಡಿಸಿ, ಅಂಗಳದ ಮೂಲೆಯಲ್ಲಿ ಊರಿ ಬಂದು ಮತ್ತೆ ಊಟಕ್ಕೆ ಕುಳಿತೆ. ಮಜ್ಜಿಗೆಯನ್ನೂ ಕುಡಿದೆ. ಒಬ್ಬನೇ ಇರುವವನಿಗೆ ಇದೊಂದು ಸವಲತ್ತು. ಏನು ಮಾಡಿದರೂ ‘ಛೀ’ ಎನ್ನುವವರು ಇರುವುದಿಲ್ಲ.

ಎಕ್ಕವನ್ನು ಯಾರಾದರೂ ಬೆಳೆಸುತ್ತಾರೇನಪ್ಪ ಎಂದು ನೀವು ಕೇಳಿದರೆ ಅದು ನ್ಯಾಯವೇ. ದನ ಮುಟ್ಟುವುದಿಲ್ಲ, ಮೇಕೆ ಮೂಸಿ ಬಿಡುತ್ತದೆ. ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ನೀರು ಹಾಕದಿದ್ದರೂ ಬೆಳೆಯುತ್ತದೆ, ಬೈದರೂ ಬೆಳೆಯುತ್ತದೆ. ಆದರೆ ಕಿತ್ತಳೆ ಬಣ್ಣದ, ರೆಕ್ಕೆಯ ತುದಿಗೆ ಕಪ್ಪು ಬಿಳುಪಿನ ಅಂಚಿರುವ ಒಂದು ಪಾತರಗಿತ್ತಿ ಇದೆಯಲ್ಲ, ಅದು ಜೇನು ಕುಡಿಯುವುದು ಎಲ್ಲಿಯಾದರೂ ಸರಿ. ತತ್ತಿ ಇಡುವುದಕ್ಕೆ ಮಾತ್ರ ಎಕ್ಕವನ್ನೇ ಹುಡುಕಿಕೊಂಡು ಬರುತ್ತದೆ. ನಮ್ಮ ಕಡೆ ಹೊಲದ ಬದುವೆಲ್ಲ ಸೋಯಾಬೀನ್ ಆಯಿತು, ಹೈದರಾಬಾದ್ ರಸ್ತೆ ಅಗಲವಾಗುವಾಗ ರಸ್ತೆಬದಿಯ ಎಕ್ಕಗಳು ಹೋದವು. ಹಾಗಾಗಿ ಅದು ಈಗ ನನ್ನ ಮನೆಗೆ ಬರುತ್ತದೆ. ಬಾಣಂತನಕ್ಕೆ ಬರುವ ಮಗಳ ಹಾಗೆ ಬರುತ್ತದೆ ಎಂದು ಒಮ್ಮೆ ಯಾರಿಗೋ ಹೇಳಿ, ಆಮೇಲೆ ನಾಚಿಕೆಪಟ್ಟುಕೊಂಡೆ. ನನಗೆ ಮಗಳಿಲ್ಲ. ಮಗನೂ ಇಲ್ಲ.

ನಾನು ಹುಟ್ಟಿದ್ದು ಇಲ್ಲಿಗೆ ಹತ್ತಿರದ ದಾಳಿಂಬ ಎಂಬ ಹಳ್ಳಿಯಲ್ಲಿ. ಎಕ್ಕದ ಮೊಗ್ಗನ್ನು ಬೆರಳಲ್ಲಿ ಹಿಚುಕಿ ‘ಟಪ್’ ಅನ್ನಿಸುವುದು ನಮ್ಮ ದೊಡ್ಡ ಆಟವಾಗಿತ್ತು. ಯಾರ ಮೊಗ್ಗು ಜೋರಾಗಿ ಒಡೆಯುತ್ತದೋ ಅವನೇ ಆ ದಿನದ ದೊರೆ. ಕಾಲಿಗೆ ಜಾಲಿ ಮುಳ್ಳು ಮುರಿದರೆ ಅವ್ವ ಎಕ್ಕದ ಹಾಲು ಬಿಟ್ಟು ಮಲಗಿಸುತ್ತಿದ್ದಳು. ಬೆಳಗಾಗುವುದರಲ್ಲಿ ಮುಳ್ಳು ತಾನಾಗಿ ತಲೆ ಎತ್ತಿರುತ್ತಿತ್ತು. ಅಜ್ಜಿಯ ಮೊಣಕಾಲಿಗೆ ಎಕ್ಕದ ಎಲೆಯನ್ನು ಬಿಸಿಮಾಡಿ ಕಟ್ಟುತ್ತಿದ್ದೆವು. ಶನಿವಾರ ಬಂದರೆ ಮಾರುತಿ ದೇವರ ಕೊರಳಿಗೆ ಎಕ್ಕದ ಎಲೆಯ ಮಾಲೆ. ಇಷ್ಟೆಲ್ಲ ಉಪಕಾರ ಮಾಡಿಸಿಕೊಂಡೂ ನಮ್ಮಜ್ಜಿ ಯಾರ ಮೇಲಾದರೂ ಸಿಟ್ಟು ಬಂದರೆ ಮೊದಲು ಕರೆಯುತ್ತಿದ್ದದ್ದು ಅದೇ ಗಿಡವನ್ನು. “ನಿನ್ನ ಮನಿಯಾಗ ಎಕ್ಕಿ ಹುಟ್ಟಲಿ!” ಅನ್ನುವಳು. ಮನೆ ಹಾಳಾಗಿ, ಗೋಡೆ ಬಿದ್ದು, ದೀಪ ಹಚ್ಚುವವರಿಲ್ಲದೆ, ನಡುಮನೆಯಲ್ಲಿ ಎಕ್ಕ ಏಳಲಿ ಎಂಬ ಶಾಪ. ಮುಂಜಾನೆ ಬೈದು ಸಂಜೆ ಅದೇ ಮನೆಗೆ ಬೆಲ್ಲ ಕೇಳಲು ಹೋಗುತ್ತಿದ್ದಳು. ಅಷ್ಟು ಹಗುರವಾದ ಶಾಪವಾಗಿತ್ತು ಅದು.

ಆಮೇಲೆ ಭೂಮಿ ನಡುಗಿತು.

ನನ್ನ ಮದುವೆಯಾಗಿ ಇನ್ನೂ ಒಂದು ಮಳೆಗಾಲ ಮುಗಿದಿರಲಿಲ್ಲ. ಶಾಂತಾ ಗಣಪತಿ ಹಬ್ಬಕ್ಕೆಂದು ತವರಿಗೆ ಹೋಗಿದ್ದಳು. ಗಣಪತಿ ಕಳಿಸಿ, ಹಾಡಿ ಕುಣಿದು ದಣಿದು ಅವಳ ಊರು ಮಲಗಿತ್ತು. ಕಲ್ಲು ಮಣ್ಣಿನ ಮನೆಗಳು, ಆನೆಯಂಥ ಗೋಡೆಗಳು. ಶಾಂತಾ ಅವುಗಳ ಅಡಿಯಲ್ಲೇ ಉಳಿದಳು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಬರೆದವರು ಬಹಳ ಜನ ಇದ್ದಾರೆ. ಮರುವರ್ಷ ಆ ಊರಿಗೆ ಹೋದಾಗ ಜನ ಆಚೆ ಹೊಸ ಜಾಗದಲ್ಲಿ ತಗಡಿನ ಪತ್ರಾದ ಮನೆಗಳಲ್ಲಿದ್ದರು. ಹಳೆಯ ಊರಿನಲ್ಲಿ ಕಲ್ಲಿನ ರಾಶಿಗಳ ಮೇಲೆ, ಅಡುಗೆಮನೆ ಇದ್ದಲ್ಲಿ, ದೇವರ ಜಗುಲಿ ಇದ್ದಲ್ಲಿ, ಎಲ್ಲೆಲ್ಲೂ ಎಕ್ಕ ಎದ್ದಿತ್ತು. ಹೂವನ್ನೂ ಬಿಟ್ಟಿತ್ತು. ಅಂದಿನಿಂದ ನಮ್ಮ ಕಡೆಯ ಮುದುಕಿಯರು ಆ ಶಾಪವನ್ನು ಅರ್ಧಕ್ಕೇ ನುಂಗತೊಡಗಿದರು. “ನಿನ್ನ ಮನಿಯಾಗ...” ಎಂದು ಶುರುಮಾಡಿ, ಬಾಯಿ ಮುಚ್ಚಿಕೊಂಡು, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ನಮ್ಮಜ್ಜಿ ಆಮೇಲೆ ಎಷ್ಟೋ ವರ್ಷ ಬದುಕಿದಳು, ಎಷ್ಟೋ ಜನರನ್ನು ಬೈದಳು, ಆ ಮಾತನ್ನು ಮಾತ್ರ ಪೂರ್ತಿ ಆಡಲಿಲ್ಲ.

ಎರಡನೆಯವಳು ಕಮಳಾ. ದೇವಣಿ ಕಡೆಯವಳು, ಜೋರು ಮಾತಿನವಳು. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ದಿನವಿಡೀ ಮೈಕಿನಲ್ಲಿ ಕೂಗಿ ಬಂದರೆ, “ಅಲ್ಲಿ ನಿಮ್ಮ ಪಾಳಿ ಮುಗೀತು, ಇಲ್ಲಿ ನಂದು ಚಾಲೂ” ಎಂದು ಶುರುಮಾಡುತ್ತಿದ್ದಳು. ಚೆನ್ನಾಗಿಯೇ ಇದ್ದೆವು. ಅವಳಿಗೆ ಕಾಮಣಿ, ಅಂದರೆ ಕಾಮಾಲೆಯಾಯಿತು, ಗಿಡಮೂಲಿಕೆ ಆಯಿತು, ಸೋಲಾಪುರದ ದವಾಖಾನೆಯೂ ಆಯಿತು. ಅವಳೂ ಹೋದಳು.

ಆಮೇಲಿನ ಮನೆ ಹೇಗಿತ್ತೆಂದರೆ, ಬಾಗಿಲು ತೆರೆದರೆ ಬಾಗಿಲಿನ ಸದ್ದೇ ಮಾತಾಡಿಸಿದಂತೆ ಆಗುತ್ತಿತ್ತು. ನಿಲ್ದಾಣದಲ್ಲಿ ನನ್ನ ದನಿ ಸಾವಿರ ಜನ ಕೇಳುತ್ತಿದ್ದರು. ಮೊದಲು ಮರಾಠಿಯಲ್ಲಿ, ಆಮೇಲೆ ಬೀದರ, ಬಸವಕಲ್ಯಾಣದ ಕಡೆಯ ಹೆಂಗಸರು ಗಾಬರಿಯಾಗಬಾರದೆಂದು ಕನ್ನಡದಲ್ಲಿ, “ನಿಲಂಗಾ, ಉದಗೀರ ಹೋಗೂ ಮಂದಿ ಹತ್ಕೋರಿ” ಎಂದು ನನ್ನಷ್ಟಕ್ಕೆ ಸೇರಿಸುತ್ತಿದ್ದೆ. ಆದರೆ ಮೈಕಿಗೆ ಯಾರೂ ‘ಊಟಾ ಆಯ್ತೇನ್ರಿ’ ಎಂದು ಕೇಳುವುದಿಲ್ಲ. ಒಮ್ಮೆ ರಜೆಯ ಮೇಲೆ ಮನೆಯಲ್ಲಿದ್ದು ಮೂರನೆಯ ದಿನ ಹಾಲಿನವನೊಡನೆ ಮಾತಾಡಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಅವನು ಗಂಟಲು ಬೇನೆ ಎಂದುಕೊಂಡು ಅರಿಶಿನ ಹಾಕಿ ಕುಡಿಯಲು ಹೇಳಿದ.

ಇದನ್ನೆಲ್ಲ ನೋಡಿ ಮರುಗಿದವಳು ಪಕ್ಕದ ಮನೆಯ ಗಂಗಾಕಾಕು. ಅವಳೇ ನಿಲಂಗಾದಲ್ಲಿ ಒಂದು ಸಂಬಂಧ ಹುಡುಕಿದಳು. ಮಹಾದೇವಿ. ಗಂಡ ತೀರಿಹೋಗಿ ಅಣ್ಣನ ಮನೆಯಲ್ಲಿದ್ದವಳು, ಹೊಲಿಗೆ ಮಾಡುತ್ತಿದ್ದಳು. ನೋಡಲು ಹೋದಾಗ ನಾನು ಏನು ಕೇಳಬೇಕೆಂದು ತಿಳಿಯದೆ “ಯಾವ ಬಸ್ಸಿಗೆ ಬರೂದು ನಿಮಗ ಅನುಕೂಲ?” ಎಂದು ಕೇಳಿದೆ. ಅವಳು ನಕ್ಕಳು. “ಲಗ್ನಾದ ಮ್ಯಾಲ ಹೇಳ್ತೀನ್ರಿ” ಅಂದಳು. ಬರುವಾಗ ಬಸ್ಸಿನಲ್ಲಿ ನಾನು ಆ ನಗುವನ್ನೇ ನೆನೆಸಿಕೊಂಡು, ನಮ್ಮ ನಿಲ್ದಾಣ ಬಂದರೂ ಇಳಿಯದೆ ಕುಳಿತಿದ್ದೆ. ಕಂಡಕ್ಟರ್ ಬಂದು ಎಬ್ಬಿಸಿದ. ನಾನು ನಿದ್ದೆ ಮಾಡಿರಲಿಲ್ಲ.

ಅವಳ ತಾಯಿ ಒಂದು ಷರತ್ತು ಹಾಕಿದಳು. ಇಬ್ಬರು ಹೆಂಡಿರನ್ನು ಕಳೆದುಕೊಂಡವನ ಮೂರನೆಯವಳೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು, ಅದು ಮೂರನೆಯವಳಾಗುತ್ತದೆ. ಮೂರು ದಿನ ಬಿಟ್ಟು ಅದನ್ನು ಕಡಿಯಬೇಕು. ಕೇಡು ಅದರ ಜೊತೆಗೆ ಹೋಗುತ್ತದೆ. ಮಹಾದೇವಿ ನಾಲ್ಕನೆಯವಳಾಗಿ ಸುಖವಾಗಿ ಬರುತ್ತಾಳೆ. ನಮ್ಮ ಮಠದ ಅಯ್ಯನವರನ್ನು ಕೇಳಿದೆ. “ನಮ್ಮೊಳಗ ಇಂಥಾದ್ದೆಲ್ಲ ಇಲ್ಲೋ ತಮ್ಮಾ. ಶರಣರು ಬ್ಯಾಡಂದಾರ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಯಾವತ್ತು ಇಟ್ಟೀರಿ?” ಎಂದೂ ಕೇಳಿದರು.

ಗಿಡ ಹುಡುಕುವ ಕೆಲಸವಿರಲಿಲ್ಲ. ಕಮಳಾ ಹೋದ ಮೇಲೆ ಅಂಗಳ ಗುಡಿಸುವವರಿಲ್ಲದೆ ಬಚ್ಚಲ ಪಕ್ಕಕ್ಕೆ ಎಕ್ಕವೊಂದು ತಾನಾಗಿ ಎದ್ದಿತ್ತು. ಅಜ್ಜಿ ಇದ್ದಿದ್ದರೆ ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ದೀಪಾವಳಿ ಮುಗಿದು, ಓಣಿಯವರೆಲ್ಲ ತುಳಸಿಗೆ ಲಗ್ನ ಮಾಡುತ್ತಿದ್ದ ವಾರವೇ ನಾನು ಎಕ್ಕದ ಜೊತೆ ಬಾಸಿಂಗ ಕಟ್ಟಿಕೊಂಡು ನಿಂತೆ. ಗಂಗಾಕಾಕು ಹೆಣ್ಣಿನ ತಾಯಿ. ಗಿಡಕ್ಕೆ ಹಸಿರು ಕುಪ್ಪಸದ ಬಟ್ಟೆ, ವಿಭೂತಿ, ಅರಿಶಿನದ ದಾರ. ಅಯ್ಯನವರು ಅಕ್ಷತೆ ಹಾಕುವಾಗ ಕಾಕು ನಿಜಕ್ಕೂ ಕಣ್ಣೀರು ತಂದುಕೊಂಡು, “ನಮ್ಮ ಕೂಸು ಮಾತಾಡೂದು ಕಡಿಮಿ, ಚಲೋತ್ನಾಗಿ ನೋಡ್ಕೋರಿ” ಎಂದಳು. ಎಲ್ಲರೂ ನಕ್ಕರು. ಬ್ರಹ್ಮಚಾರಿ ಮಾರುತಿಗೆ ಎಕ್ಕದ ಮಾಲೆ, ಎರಡು ಮದುವೆಯಾದ ನನಗೆ ಎಕ್ಕದ ಹೆಂಡತಿ, ಎಂಥ ಲೆಕ್ಕ ನೋಡಿ.

ತಾಳಿ ಕಟ್ಟಲು ಬಾಗಿದಾಗಲೇ ನಾನು ಅವನ್ನು ಕಂಡದ್ದು. ಎಲೆಯ ಅಡಿಯಲ್ಲಿ ಬಿಳಿ, ಕಪ್ಪು, ಹಳದಿ ಪಟ್ಟೆಯ ಹುಳುಗಳು, ಮೈಮೇಲೆ ಅಲ್ಲಲ್ಲಿ ಕಪ್ಪು ಕೊಂಬು. ಮರುದಿನ ಮುಂಜಾನೆ ಚಹಾ ಹಿಡಿದು ಹೋಗಿ ಕುಳಿತೆ. ಅವು ಎಲೆಯ ಅಂಚನ್ನು ಹಿಡಿದು ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ತಿನ್ನುತ್ತಿದ್ದವು. ಕಿವಿಗೊಟ್ಟರೆ ಸಣ್ಣಗೆ ಕರಕರ ಸದ್ದು. ನಗಬೇಡಿ, ನನ್ನ ಮನೆಯಲ್ಲಿ ಯಾರೋ ಊಟ ಮಾಡುತ್ತಿದ್ದ ಸದ್ದು ಅದು. ಬಹಳ ದಿನಗಳ ಮೇಲೆ ಕೇಳಿದ್ದೆ. ಅವು ಬೆಳೆದು ಪಾತರಗಿತ್ತಿಯಾಗುತ್ತವೆ ಎಂಬುದು ಶಾಲೆಯಲ್ಲಿ ಓದಿದ್ದು ನೆನಪಿತ್ತು. ಮೂರನೆಯ ದಿನ ಕುಡುಗೋಲು ತೆಗೆದುಕೊಂಡು ಹೋದವನು ಕುಡುಗೋಲಿನಿಂದ ಅಂಗಳದ ಹುಲ್ಲು ಕೊಯ್ದು ವಾಪಸ್ ಬಂದೆ.

ಹದಿನೈದು ದಿನ ತಡೆದರೆ ಹುಳುಗಳು ಹಾರಿಹೋಗುತ್ತವೆ, ಆಮೇಲೆ ಕಡಿದರಾಯಿತು, ಲಗ್ನವನ್ನು ಅಷ್ಟು ಮುಂದೂಡಿದರಾಯಿತು. ಇಷ್ಟೇ ನನ್ನ ಯೋಚನೆ. ನಿಲ್ದಾಣದಿಂದಲೇ ನಿಲಂಗಾಕ್ಕೆ ಫೋನ್ ಮಾಡಿದೆ. ಎತ್ತಿಕೊಂಡವಳು ಮಹಾದೇವಿಯ ತಾಯಿ.

ಇಲ್ಲಿ ಒಂದು ಮಾತು ಹೇಳಬೇಕು. ಗಡಿಯಲ್ಲಿ ಬೆಳೆದ ನಮ್ಮ ನಾಲಿಗೆಗೆ ಎರಡು ಭಾಷೆಗಳ ನಡುವೆ ಬೇಲಿ ಇಲ್ಲ. ತೊಗರಿಗೆ, ಸೋಯಾಬೀನಿಗೆ ಬೀಳುವ ಹುಳುವನ್ನು ಔಷಧಿ ಅಂಗಡಿಯವನು ಮರಾಠಿಯಲ್ಲಿ ‘ಅಳಿ’ ಎನ್ನುತ್ತಾನೆ. ಒಂದಕ್ಕಿಂತ ಹೆಚ್ಚಿದ್ದರೆ ‘ಅಳ್ಯಾ’. ನಾವೂ ಹಾಗೇ ಅನ್ನುತ್ತೇವೆ. ಕನ್ನಡದಲ್ಲಿ ನಮ್ಮ ಕಡೆ ಅಳಿಯನಿಗೂ ‘ಅಳ್ಯಾ’ ಎನ್ನುತ್ತಾರೆ ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ಲಾತೂರ ಬಸ್ಸು ಪಕ್ಕದಲ್ಲೇ ಹಾರ್ನ್ ಹೊಡೆಯುತ್ತಿತ್ತು. ನಾನು ಆಕೆಗೆ ಕೂಗಿ ಹೇಳಿದ್ದು ಇಷ್ಟು:

“ಅತ್ತೀ, ಈಗ ಲಗ್ನಾ ಬ್ಯಾಡ್ರಿ. ಗಿಡದ ಮ್ಯಾಲ ಅಳ್ಯಾ ಅದಾವ. ಹದಿನೈದ ದಿನಾ ತಡೀರಿ. ಅಳ್ಯಾ ಹಾರಿ ಹೋದ ಮ್ಯಾಲ ಮುಂದಿಂದು ನೋಡೂಣು!”

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿತು, ಫೋನ್ ಕಟ್ಟಾಯಿತು. ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಲಗ್ನ ಈಗ ಬೇಡ, ಅಳಿಯ ಹಾರಿಹೋದ ಮೇಲೆ ಮುಂದಿನದು ನೋಡೋಣ ಎಂದು ಆಗಲಿರುವ ಅಳಿಯನೇ ಕೂಗಿ ಹೇಳಿದರೆ ಯಾವ ಅತ್ತೆ ಫೋನ್ ಎತ್ತುತ್ತಾಳೆ! ತಾಲೂಕಿಗೆಲ್ಲ ಸ್ಪಷ್ಟವಾದ ದನಿ ನನ್ನದು ಎಂದು ಡ್ರೈವರುಗಳು ಹೊಗಳುತ್ತಿದ್ದರು.

ನಾನು ಸಂಬಂಧ ಮುರಿದೆನೆಂದು ಅವರು ತಿಳಿದ ಸುದ್ದಿ ಮರುದಿನ ಗಂಗಾಕಾಕುವಿನಿಂದ ಗೊತ್ತಾಗಿ, ಮೊದಲ ಬಸ್ಸಿಗೆ ನಿಲಂಗಾಕ್ಕೆ ಓಡಿದೆ. ಹೊಸಿಲಲ್ಲೇ ನಿಂತು ವಿವರಿಸಿದೆ. ಮಹಾದೇವಿಯ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ಆಯೀ, ಅಳ್ಯಾ ಮ್ಹಣಜೇ ಕಿಡೇ ಗ! ಹುಳಾ, ಹುಳಾ!” ಎಂದು ತಾಯಿಯ ಕಿವಿಯಲ್ಲಿ ಕೂಗಿದ. ತಾಯಿ ನಗಲಿಲ್ಲ. “ಹುಳಾ ಇರಲಿ, ಹಾವ ಇರಲಿ. ಲಗ್ನಾ ಬ್ಯಾಡ ಅಂತ ಬಾಯಿಂದ ಬಂದದ್ದು ಬಂತು. ಗಿಡಾ ಕಡಿಯೂತನಾ ನನ್ನ ಮಗಳ ಜೀವಕ್ಕ ಸಮಾಧಾನಿಲ್ಲ. ಇವತ್ತೇ ಹೋಗಿ ಕಡೀರಿ. ಸೋಮಾರ ಲಗ್ನಾ ಮಾಡಿ ಮುಗಸೂಣು” ಎಂದಳು. ಕೆಟ್ಟವಳಲ್ಲ ಆಕೆ; ಒಮ್ಮೆ ಮಗಳ ಕುಂಕುಮ ಅಳಿಸಿದ್ದನ್ನು ನೋಡಿದ ತಾಯಿ. ನಾನು ಹೂಂ ಅನ್ನುವವನೇ ಇದ್ದೆ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಮಹಾದೇವಿ ಎದ್ದು ಬಂದಳು.

“ನಮ್ಮ ಮನಿಯವರು ಸತ್ತಾಗ ಅದ್ರಿಂದ ಇನ್ನೊಬ್ಬರಿಗಿ ಕೇಡಾದೀತಂತ ನನಗ್ಯಾರೂ ಗಿಡದ ಜೋಡಿ ಲಗ್ನಾ ಮಾಡ್ಲಿಲ್ಲ. ಇವರಿಗಷ್ಟೇ ಯಾಕ?” ಎಂದು ತಾಯಿಯನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಆ ಹುಳಾ ಹಾರೂತನಾ ತಡೀರಿ ಅಂದ್ರಲ್ಲ, ಅದಕ್ಕ ನನ್ನ ಮನಸ್ಸು ನಿಮ್ಮ ಮ್ಯಾಲ ಬಂತ್ರಿ. ಈಗ ಅದನ್ನ ಕಡದು ಕರಕೊಂಡು ಹೋಗ್ತೀನಿ ಅಂದ್ರ ನಾ ಬರಂಗಿಲ್ಲ. ಇನ್ನೊಬ್ಬಾಕಿನ್ನ ಕಡದ ಜಾಗಾದಾಗ ನಾ ಹ್ಯಾಂಗ ಕೂಡ್ಲಿ?” ಅಂದಳು.

“ಕಡಿಯಂಗಿಲ್ಲ ತಗೋರಿ” ಎಂದೆ. ನನ್ನ ಜೀವಮಾನದಲ್ಲಿ ಇಷ್ಟು ಬೇಗ ಯಾವ ಮಾತನ್ನೂ ಆಡಿದವನಲ್ಲ. “ಅತ್ತಿಯವರ ಮನಸ್ಸು ಒಲಿಯೂತನಾ ನಾ ತಡೀತೀನಿ.”

“ನಾನೂ ತಡೀತೀನ್ರಿ” ಎಂದಳು ಮಹಾದೇವಿ. ಅವಳ ತಾಯಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಅಣ್ಣ ನನ್ನನ್ನು ಬಸ್ಸಿನವರೆಗೆ ಬಿಟ್ಟ.

ಮನೆಗೆ ಬಂದರೆ ಅಂಗಳ ಬಯಲಾಗಿತ್ತು. ಗಂಗಾಕಾಕು ಕುಡುಗೋಲು ಹಿಡಿದೇ ನಿಂತಿದ್ದಳು, ಬೆವರು ಒರೆಸಿಕೊಳ್ಳುತ್ತಾ. “ನಿನಗ ಕೈ ಬರಲಿಲ್ಲಂತ ನಾನೇ ಕಡದೀನಿ ತಮ್ಮಾ. ಪಾಪಾ ಏನಿದ್ರೂ ನನಗಿರಲಿ. ಇನ್ನ ಹೋಗು, ಲಗ್ನಾ ಆಗು” ಎಂದಳು. ಆ ಮುದುಕಿಯ ಮುಖದಲ್ಲಿ ಅಷ್ಟು ಸಂತೋಷವಿತ್ತು. “ಚಲೋ ಆತು ಕಾಕು” ಎಂದೆ. ಅವಳು ಹೋದ ಮೇಲೆ ಬಾಡುತ್ತಿದ್ದ ಟೊಂಗೆಗಳನ್ನು ಕೆದಕಿ ಹುಳುಗಳನ್ನು ಒಂದೊಂದಾಗಿ ಆರಿಸಿ ಊಟದ ಡಬ್ಬಿಯಲ್ಲಿ ಹಾಕಿಕೊಂಡೆ. ಬಸ್ ಡಿಪೋ ಹಿಂದಿನಿಂದ ದಿನವೂ ಎಕ್ಕದ ಎಲೆ ತಂದು ಹಾಕಿದೆ. ಅವು ತಿಂದವು, ದಪ್ಪಗಾದವು, ಡಬ್ಬಿ ಬಿಟ್ಟು ಗೋಡೆ ಹತ್ತಿ, ಕಮಳಾ ಬಟ್ಟೆ ಒಣಗಿಸುತ್ತಿದ್ದ ಹಗ್ಗಕ್ಕೆ ಹಸಿರು ಗುಂಡಿಯ ಹಾಗೆ ಜೋತುಬಿದ್ದವು. ಒಂದು ಮುಂಜಾನೆ ನಾನು ಮುಖ ತೊಳೆದು ಒಳಗೆ ಬರುವಷ್ಟರಲ್ಲಿ ಮನೆಯ ತುಂಬ ಪಾತರಗಿತ್ತಿ. ದೇವರ ಪಟದ ಮೇಲೆ, ಹಾಲಿನ ಪಾತೇಲಿಯ ಮೇಲೆ, ನನ್ನ ಕಂಟ್ರೋಲರ್ ಟೋಪಿಯ ಮೇಲೆ. ಕಿಟಕಿ ತೆರೆದೆ. ಎಲ್ಲವೂ ಹೋದವು. ಹೋಗಬೇಕಾದದ್ದೇ, ಆದರೂ ಒಂದಾದರೂ ಸ್ವಲ್ಪ ತಡವಾಗಿ ಹೋಗಬಹುದಿತ್ತು ಅನ್ನಿಸಿತು.

ಗಿಡ ಕಡಿದ ಸುದ್ದಿ ನಿಲಂಗಾದ ತಾಯಿಗೆ ಕಾಕುವೇ ಮುಟ್ಟಿಸಿದ್ದಳು. ತಾಯಿಗೆ ಆನಂದ. ಎಲ್ಲರೂ ಒಪ್ಪಿದ ಹೊತ್ತಿನಲ್ಲಿ ಒಪ್ಪದವಳು ಮಹಾದೇವಿ ಒಬ್ಬಳೇ. ನಾನು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಕಡಿದವನು ನಾನಲ್ಲ ಎಂಬುದನ್ನು ಅವಳು ನಂಬಿದಳು. “ಬೇರು ಅದ ಏನ್ರಿ?” ಎಂದಳು.

“ಬೇರು ಅದ.”

“ಎಕ್ಕಿ ಹಾಂಗೆಲ್ಲ ಸಾಯಂಗಿಲ್ಲ. ಚಿಗೀತಂದ್ರ ಹೇಳಿ ಕಳಸ್ರಿ. ನಾ ಬರ್ತೀನಿ.”

ಆ ಚಳಿಗಾಲವೆಲ್ಲ ನಾನು ಒಂದು ಕೊರಡಿಗೆ ನೀರು ಹಾಕಿದೆ. ಓಣಿಯವರು ತಲೆ ಕೆಟ್ಟಿದೆ ಎಂದರು. ಶಿವರಾತ್ರಿಗೆ ಮೊದಲು ಬುಡದಲ್ಲಿ ಬೂದಿ ಬಣ್ಣದ, ನವಿರು ರೋಮದ ಎರಡು ಎಲೆ ಕಣ್ಣು ಬಿಟ್ಟವು. ಹೇಳಿ ಕಳಿಸುವುದೇನು, ಫೋನಿನ ಮೇಲೆ ನನಗೆ ನಂಬಿಕೆ ಹೋಗಿತ್ತು, ಅದೇ ದಿನ ನಾನೇ ಹೋದೆ. ಬಾಗಿಲಲ್ಲಿ ತಾಯಿ ಇದ್ದಳು. ಉದಗೀರದ ಕಡೆ ಒಳ್ಳೆಯ ಮನೆತನ ಬಂತು, ಹುಡುಗನ ಕಡೆ ಯಾವ ದೋಷವೂ ಇಲ್ಲ, ಹೋದ ವಾರ ಉಡಿಕೆಯ ಲಗ್ನ ಮಾಡಿ ಕಳಿಸಿದೆವು ಎಂದಳು. ನೀರು ಕೊಟ್ಟಳು. ಕುಡಿದು ಬಂದೆ.

ಈಗ ನನ್ನ ಅಂಗಳದಲ್ಲಿ ಎಕ್ಕ ಬೇಲಿಯವರೆಗೂ ಇದೆ. ಹೊಲದವರು ಕಿತ್ತೆಸೆದ ಬೇರು ತಂದು ನೆಡುತ್ತೇನೆ. ಶನಿವಾರ ಮಾರುತಿಗೆ ಮಾಲೆ ಕಟ್ಟುವವರು ಬರುತ್ತಾರೆ; ಹುಳು ಇರುವ ಎಲೆ ಬಿಟ್ಟು ಉಳಿದದ್ದು ಹರಿದುಕೊಳ್ಳಿ ಎನ್ನುತ್ತೇನೆ. ಸಂಬಂಧಿಕರು ಬರುವುದಿಲ್ಲ. ಮನೆಯಲ್ಲಿ ಎಕ್ಕ ಎಬ್ಬಿಸಿಕೊಂಡವನ ಮನೆಗೆ ಯಾರು ಬರುತ್ತಾರೆ? ಗಂಗಾಕಾಕುವೂ ಈಗ ಇಲ್ಲ.

ನಾನು ನಿವೃತ್ತನಾಗುವ ಮುಂಚಿನ ದಸರಾ. ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಟ್ರೋಲ್ ಕೋಣೆಯ ಕಿಟಕಿಯಲ್ಲಿ ಒಬ್ಬ ಹೆಂಗಸು, “ಉದಗೀರ ಬಸ್ ಯಾವಾಗ್ರಿ?” ಎಂದು ಕೇಳಿದಳು. ತಲೆ ಎತ್ತಿದೆ. ಕೂದಲು ಬೆಳ್ಳಗಾಗಿತ್ತು. ಗುರುತು ಹಿಡಿಯಲು ಏನೂ ಕಷ್ಟವಾಗಲಿಲ್ಲ.

“ಈಗ ಬರ್ತದ್ರಿ” ಎಂದೆ.

ಅವಳು ಕಿಟಕಿ ಬಿಟ್ಟು ಹೋಗಲಿಲ್ಲ. “ಅದು ಚಿಗೀತೇನ್ರಿ?”

“ಚಿಗೀತ್ರಿ. ಶಿವರಾತ್ರಿ ಮುಂದ. ಹೇಳಾಕ ನಾನೇ ಬಂದಿದ್ದೆ. ನೀವು ಹೋಗಿದ್ರಿ.”

“ಬಂದಿದ್ರಿ?” ಎಂದಳು. ಕಿಟಕಿಯ ಸರಳು ಹಿಡಿದುಕೊಂಡಳು. “ನೀವು ಬಂದದ್ದು ನನಗ್ಯಾರೂ ಹೇಳ್ಲಿಲ್ಲ. ಸಂಕ್ರಾಂತಿ ಆತು, ಅವ್ವ ಅತ್ಲು. ಇನ್ನೊಂದು ಅಮಾಸಿ ತಡೀತೀನಿ ಅಂದೆ. ಅದೂ ಆತು. ಸತ್ತಿರಬೇಕು ಗಿಡಾ ಅನಕೊಂಡೆ.”

ಬಸ್ಸು ಬಂತು. ಅವಳ ಮೊಮ್ಮಗಳಿರಬೇಕು, ಒಂದು ಕೂಸು ಸೆರಗು ಹಿಡಿದು ಎಳೆಯಿತು. “ಬರ್ತೀನ್ರಿ” ಎಂದು ಹೇಳಿ ಹತ್ತಿದಳು.

ಊರವರು ಕೇಳಿದರೆ ಎಕ್ಕ ಬೆಳೆಸುವುದು ಪಾತರಗಿತ್ತಿಗಾಗಿ ಎನ್ನುತ್ತೇನೆ. ಸುಳ್ಳೇನಲ್ಲ. ಪಾತರಗಿತ್ತಿ ನನಗೆ ಬೇಕು. ಆದರೆ ಮಹಾದೇವಿ ಬೇಕಾಗಿದ್ದಷ್ಟು ಅಲ್ಲ. ಅವಳು ಕಾದಿದ್ದಳು ಎಂದು ತಿಳಿದದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಹೇಳಲು ನನಗೆ ಇನ್ನೂ ಬರುವುದಿಲ್ಲ. ಮೊದಲು ನಾನು ಬರೀ ಒಬ್ಬನೇ ಇದ್ದೆ. ಈಗ ಅವಳಿಲ್ಲದೆ ಇದ್ದೇನೆ.